ವಿಜ್ಞಾನದ ಜೊತೆಗೆ ಅಂತರರಾಷ್ಟ್ರೀಯ ಅಧ್ಯಯನ: ಡಬಲ್ ಡಿಗ್ರಿಯೋ, ಬಿಎಸ್ಸಿ ಮುಗಿಸಿ ಎಂಎಯೋ?

ಆಲ್ದೂರಿನ ಹತ್ತಿರ ನಮ್ಮಣ್ಣನ ತೋಟ ಇದೆ. ಹನ್ನೆರಡು ಎಕರೆ. ಅರ್ಧ ಅರೇಬಿಕಾ, ಅರ್ಧ ರೋಬಸ್ಟಾ, ಮರಗಳಿಗೆ ಹಬ್ಬಿಸಿದ ಮೆಣಸು. ಹೋದ ಕೊಯ್ಲಿನಲ್ಲಿ ಕಣದ ಮೇಲೆ ಚೆರ್ರಿ ಒಣಗುತ್ತಿದ್ದಾಗ ಕಾಫಿ ವ್ಯಾಪಾರಿ ಬಂದರು. ಔಟ್‌ಟರ್ನ್, ಅಂದರೆ ಒಣಗಿದ ಹಣ್ಣಿಗೆ ಎಷ್ಟು ಬೀಜ ಸಿಗುತ್ತದೆ ಅಂತ ಕೇಳಿದರು, ತೇವ ನೋಡಿದರು. ಆಮೇಲೆ ಯಾವತ್ತೂ ಕೇಳದ್ದನ್ನು ಕೇಳಿದರು: ತೋಟದ ಗಡಿ ಜಿಪಿಎಸ್‌ನಲ್ಲಿ ಗುರುತು ಮಾಡಿದ್ದೀರಾ? ಅಣ್ಣ ನನ್ನ ಮುಖ ನೋಡಿದ. ಅವನ ಮಗಳು ಮೊಬೈಲ್ ಹಿಡಿದು ಬೇಲಿಗುಂಟ ಒಂದು ಸುತ್ತು ಹೊಡೆದು ಬಂದಳು.

ರಾತ್ರಿ ಊಟಕ್ಕೆ ಕೂತಾಗ ಕೇಳಿದಳು. "ಅತ್ತೆ, ಯುರೋಪಿನವರ ಕಾನೂನಿಗೆ ನಮ್ಮ ಬೇಲಿ ಯಾಕೆ ಬೇಕು? ಇದು ಸೈನ್ಸಾ, ಪಾಲಿಟಿಕ್ಸಾ?"

ಎರಡೂ ಹೌದು. 2023ರಲ್ಲಿ ಯುರೋಪಿಯನ್ ಒಕ್ಕೂಟ ಒಂದು ಕಾನೂನು ಮಾಡಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಕೋಕೋ, ರಬ್ಬರ್, ಸೋಯಾ, ತಾಳೆ ಎಣ್ಣೆಗೂ ಇದೇ ಮಾತು. ನಾಲ್ಕು ಹೆಕ್ಟೇರ್ ಒಳಗಿನ ತೋಟಕ್ಕೆ ನಕ್ಷೆಯ ಮೇಲೆ ಒಂದು ಚುಕ್ಕೆ ಸಾಕು. ಅದಕ್ಕಿಂತ ದೊಡ್ಡದಾದರೆ ಪೂರ್ತಿ ಗಡಿ ಕೊಡಬೇಕು. ಕಾನೂನು ಜಾರಿಯಾಗುವ ದಿನಾಂಕವಂತೂ ಮತ್ತೆ ಮತ್ತೆ ಮುಂದೆ ಹೋಗುತ್ತಿದೆ. ನಮ್ಮ ಮಲೆನಾಡಿನ ನೆರಳಿನ ತೋಟ ಮೇಲಿನಿಂದ ನೋಡಿದರೆ ಕಾಡಿನ ಹಾಗೇ ಕಾಣುತ್ತದೆ. ಉಪಗ್ರಹ ಚಿತ್ರ ಓದಿ ಇದು ಕಾಡೋ ತೋಟವೋ ಅಂತ ಹೇಳುವುದು ಒಂದು ವಿದ್ಯೆ. ಅದನ್ನು ಬ್ರಸೆಲ್ಸ್‌ನ ಅಧಿಕಾರಿಗಳಿಗೆ ಅವರ ಕಾನೂನಿನ ಭಾಷೆಯಲ್ಲೇ ತಿಳಿಸಿ ಹೇಳುವುದು ಇನ್ನೊಂದು ವಿದ್ಯೆ. ಎರಡೂ ಗೊತ್ತಿರುವವರು ಕಡಿಮೆ.

ಹುಡುಗಿಗೆ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಮಾರನೇ ದಿನವೇ ಮೊಬೈಲ್‌ನಲ್ಲಿ ಒಂದು ಆಸ್ಟ್ರೇಲಿಯಾ ಕೋರ್ಸ್ ತೋರಿಸಿದಳು. ಬ್ಯಾಚುಲರ್ ಆಫ್ ಸೈನ್ಸ್, ಜೊತೆಗೆ ಬ್ಯಾಚುಲರ್ ಆಫ್ ಇಂಟರ್‌ನ್ಯಾಷನಲ್ ಸ್ಟಡೀಸ್. ಒಂದೇ ಏಟಿಗೆ ಎರಡು ಡಿಗ್ರಿ. ಫೀಸು ಓದಿ ಅಣ್ಣ ಎದ್ದು ಪಲ್ಪರ್ ಮನೆ ಕಡೆ ಹೋದ.

ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಇಂಥ ಪ್ರಶ್ನೆ ಹಿಡಿದು ಎರಡು ಮೂರು ಮಕ್ಕಳಾದರೂ ಮನೆಗೆ ಬರುತ್ತಾರೆ. ಮೊದಲೆಲ್ಲ ನೀಟ್, ಸಿಇಟಿ ಬಿಟ್ಟು ಬೇರೆ ಮಾತಿರಲಿಲ್ಲ. ಅಣ್ಣನ ಮಗಳಿಗೋಸ್ಕರ ಈ ಸಲ ಕೂತು ಎಲ್ಲ ದಾರಿಗಳನ್ನೂ ಲೆಕ್ಕ ಹಾಕಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇದು ದೂರದ ಕನಸೇ?

ಅಲ್ಲ. ನಮ್ಮ ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲೇ ಉದಾಹರಣೆಗಳಿವೆ.

ಹಾಸನದ ಎಂಸಿಎಫ್, ಅಂದರೆ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ನೋಡಿ. ಇಸ್ರೋದ ಭೂಸ್ಥಿರ ಉಪಗ್ರಹಗಳನ್ನು ಅಲ್ಲಿಂದ ನಿಯಂತ್ರಿಸುತ್ತಾರೆ. ಅವು ಸುಮಾರು 36 ಸಾವಿರ ಕಿಲೋಮೀಟರ್ ಮೇಲೆ ಇರುತ್ತವೆ. ಅಲ್ಲಿ ಯಾವ ದೇಶದ ಉಪಗ್ರಹ ಎಲ್ಲಿ ನಿಲ್ಲಬೇಕು, ಯಾವ ತರಂಗಾಂತರ ಬಳಸಬೇಕು ಅನ್ನುವುದು ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ನಿಯಮಗಳ ಪ್ರಕಾರ ತೀರ್ಮಾನವಾಗುತ್ತದೆ. ಉಪಗ್ರಹವನ್ನು ಜಾಗದಲ್ಲಿ ನಿಲ್ಲಿಸುವುದು ಫಿಸಿಕ್ಸ್. ಆ ಜಾಗವನ್ನು ಪಡೆಯುವುದು ರಾಜತಾಂತ್ರಿಕತೆ.

ಕುದುರೆಮುಖದ ಕಥೆ ಇನ್ನೂ ಕಹಿ. 1976ರಲ್ಲಿ ಗಣಿ ಕಂಪನಿ ಶುರುವಾಗಿದ್ದೇ ಇರಾನ್ ದುಡ್ಡಿನ ಭರವಸೆಯಲ್ಲಿ, ಇರಾನ್‌ಗೆ ಅದಿರು ಕಳಿಸುವುದಕ್ಕೆ. 1979ರಲ್ಲಿ ಅಲ್ಲಿ ಕ್ರಾಂತಿಯಾಯಿತು, ಷಾ ಹೋದರು, ಅದಿರು ಕೊಳ್ಳುವವರೇ ಇಲ್ಲದಂತಾಯಿತು. ಆಮೇಲೆ ಬೇರೆ ಗಿರಾಕಿಗಳನ್ನು ಹುಡುಕಿದರು. ಕೊನೆಗೆ ಕಾಡು ಉಳಿಸುವ ಪ್ರಶ್ನೆಯಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಭೂವಿಜ್ಞಾನ ಮಾತ್ರ ಓದಿದವರಿಗೆ ಈ ಕಥೆ ಅರ್ಧ ಗೊತ್ತಾಗುತ್ತದೆ. ರಾಜಕೀಯ ಮಾತ್ರ ಓದಿದವರಿಗೂ ಅರ್ಧವೇ.

ಮೊದಲು ಯಾವುದರ ಮೇಲೆ ಅಳೆಯಬೇಕು?

ಕೋರ್ಸಿನ ಹೆಸರಿಗೆ ಮರುಳಾಗುವ ಮುಂಚೆ ಐದು ವಿಷಯ ಬರೆದಿಟ್ಟುಕೊಳ್ಳಿ.

ಮೊದಲನೆಯದು, ವಿಜ್ಞಾನ ಎಷ್ಟು ಆಳ? ಲ್ಯಾಬ್ ಗಂಟೆ ಎಷ್ಟು, ಮೂರನೇ ವರ್ಷಕ್ಕೆ ಯಾವ ಮಟ್ಟದ ಪತ್ರಿಕೆಗಳಿವೆ? ನಾನು ಇದಕ್ಕೇ ಜಾಸ್ತಿ ತೂಕ ಕೊಡುತ್ತೇನೆ. ಕೆಮಿಸ್ಟ್ರಿ ಮೇಷ್ಟ್ರಮ್ಮನ ಪಕ್ಷಪಾತ ಅಂದುಕೊಂಡರೂ ಬೇಜಾರಿಲ್ಲ. ವಿಜ್ಞಾನ ಮೆಟ್ಟಿಲಿದ್ದ ಹಾಗೆ. ಒಂದು ಮೆಟ್ಟಿಲು ಹತ್ತದೆ ಇನ್ನೊಂದಕ್ಕೆ ಕಾಲಿಡಲು ಆಗುವುದಿಲ್ಲ. ಇಪ್ಪತ್ತೈದರಲ್ಲಿ ರಾಜ್ಯಶಾಸ್ತ್ರ ಶುರು ಮಾಡಿ ಎಂಎ ಮುಗಿಸಿದವರನ್ನು ಬೇಕಾದಷ್ಟು ನೋಡಿದ್ದೇನೆ. ಬಿಎ ಮುಗಿಸಿ ಇಪ್ಪತ್ತೈದರಲ್ಲಿ ಆರ್ಗ್ಯಾನಿಕ್ ಕೆಮಿಸ್ಟ್ರಿ ಲ್ಯಾಬಿಗೆ ಬಂದವರನ್ನು ಒಬ್ಬರನ್ನೂ ನೋಡಿಲ್ಲ. ಹಾಗಾಗಿ ಮುಂದೆ ಕಲಿಯಬಹುದಾದ್ದನ್ನು ಈಗಲೇ ದುಬಾರಿ ಬೆಲೆಗೆ ಕೊಳ್ಳಬೇಕಾ ಅಂತ ಯೋಚಿಸಿ.

ಎರಡನೆಯದು, ಅಂತರರಾಷ್ಟ್ರೀಯ ಅಧ್ಯಯನ ಅಂದರೆ ಅಲ್ಲಿ ಏನು ಕಲಿಸುತ್ತಾರೆ? ಒಂದೇ ಹೆಸರಲ್ಲಿ ಮೂರು ಬೇರೆ ಬೇರೆ ಸರಕು ಮಾರಾಟಕ್ಕಿದೆ. ಒಂದು ಕಡೆ ದೇಶದೇಶಗಳ ಸಂಬಂಧ, ಯುದ್ಧ, ಒಪ್ಪಂದ, ವಿದೇಶಾಂಗ ನೀತಿ. ಇನ್ನೊಂದು ಕಡೆ ಒಂದು ಭಾಷೆ, ಆ ಭಾಷೆಯ ನಾಡು, ಅಲ್ಲಿ ಹೋಗಿ ಇರುವುದು. ಮತ್ತೊಂದು ಕಡೆ ವ್ಯಾಪಾರ, ಕಾನೂನು, ಅಭಿವೃದ್ಧಿ. ಉಪಗ್ರಹದ ಕನಸಿರುವ ಹುಡುಗನಿಗೆ ಮೊದಲನೆಯದು ಬೇಕು. ಕಾಫಿ ರಫ್ತಿನ ಮನೆಯವರಿಗೆ ಮೂರನೆಯದು. ಸಿಲಬಸ್ ತೆಗೆದು ಪತ್ರಿಕೆಗಳ ಹೆಸರು ಓದದೆ ಇದು ಗೊತ್ತಾಗುವುದಿಲ್ಲ.

ಮೂರನೆಯದು ಖರ್ಚು. ಫೀಸು ಮಾತ್ರ ಅಲ್ಲ, ಬಾಡಿಗೆ, ಊಟ, ವೀಸಾ, ವಿಮೆ ಎಲ್ಲ ಸೇರಿಸಿ. ನಾಲ್ಕನೆಯದು, ನಡುವೆ ಒಂದನ್ನು ಬಿಡಬೇಕೆನಿಸಿದರೆ ಇನ್ನೊಂದಾದರೂ ಕೈಯಲ್ಲಿ ಉಳಿಯುತ್ತದೆಯೇ? ಐದನೆಯದು, ಊರಿಗೆ ವಾಪಸ್ ಬಂದರೆ ಆ ಡಿಗ್ರಿ ಇಲ್ಲಿ ನಡೆಯುತ್ತದೆಯೇ? ವಿದೇಶಿ ಡಿಗ್ರಿಗೆ ಸಮಾನತೆ ಪತ್ರ ಕೊಡುವ ಬಗ್ಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2025ರಲ್ಲಿ ಹೊಸ ನಿಯಮ ತಂದಿದೆ. ಇಲ್ಲಿ ಎಂಎಸ್ಸಿ ಮಾಡುವ, ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವ ಯೋಚನೆ ಇದ್ದರೆ ಆ ನಿಯಮ ಮೊದಲೇ ಓದಿಕೊಳ್ಳಿ.

ಆಸ್ಟ್ರೇಲಿಯಾದ ನಿಜವಾದ ಡಬಲ್ ಡಿಗ್ರಿ

ಡಬಲ್ ಡಿಗ್ರಿ ಅನ್ನುವುದು ಆಸ್ಟ್ರೇಲಿಯಾದಲ್ಲಿ ಮಾಮೂಲಿ. ಕ್ಯಾನ್ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಬಿಎಸ್ಸಿಯನ್ನೂ ಅಂತರರಾಷ್ಟ್ರೀಯ ಸಂಬಂಧಗಳ ಡಿಗ್ರಿಯನ್ನೂ ಜೋಡಿಸಿ ನಾಲ್ಕು ವರ್ಷದಲ್ಲಿ ಮುಗಿಸಬಹುದು. ಬೇರೆ ಬೇರೆ ಓದಿದರೆ ಮೂರು ಮೂರು ಆರು ವರ್ಷ. ಎರಡು ವರ್ಷ ಎಲ್ಲಿ ಹೋಯಿತು?

ಲೆಕ್ಕ ಹೀಗಿದೆ. ಒಂದು ಮೂರು ವರ್ಷದ ಡಿಗ್ರಿಗೆ ಅಲ್ಲಿ 144 ಯೂನಿಟ್. ಎರಡು ಸೇರಿದರೆ 288 ಆಗಬೇಕು. ಆದರೆ ಡಬಲ್ ಡಿಗ್ರಿಗೆ 192 ಮಾತ್ರ. ಅಂದರೆ ಒಂದೊಂದಕ್ಕೆ 96. ಬಿಎಸ್ಸಿ ಒಂದನ್ನೇ ಓದುವವರು ಇಷ್ಟಪಟ್ಟು ಆರಿಸಿಕೊಳ್ಳುವ ಐಚ್ಛಿಕ ಪತ್ರಿಕೆಗಳ ಜಾಗವನ್ನು ಇಲ್ಲಿ ಇನ್ನೊಂದು ಡಿಗ್ರಿ ತಿನ್ನುತ್ತದೆ. ಮೋಸ ಏನಿಲ್ಲ, ಮುಖ್ಯ ವಿಷಯ ಪೂರ್ತಿ ಸಿಗುತ್ತದೆ. ಆದರೆ ಫಿಸಿಕ್ಸ್ ಮೇಜರ್ ಮಾಡುತ್ತಾ ಪಕ್ಕದಲ್ಲಿ ಒಂದಿಷ್ಟು ಗಣಿತ, ಒಂದಿಷ್ಟು ಕಂಪ್ಯೂಟರ್ ಅಂತ ಕೈಯಾಡಿಸುವ ಸುಖ ಇರುವುದಿಲ್ಲ. ಸಂಶೋಧನೆ ಬೇಕೆಂದರೆ ಮೇಲೆ ಇನ್ನೊಂದು ಆನರ್ಸ್ ವರ್ಷ.

ಸಿಡ್ನಿಯ ಯುಟಿಎಸ್ (ಯೂನಿವರ್ಸಿಟಿ ಆಫ್ ಟೆಕ್ನಾಲಜಿ ಸಿಡ್ನಿ) ಇನ್ನೊಂದು ಮಾದರಿಗೆ ಹೆಸರಾಗಿತ್ತು. ಐದು ವರ್ಷ. ಮೊದಲು ಒಂದು ಭಾಷೆ ಕಲಿಯುವುದು, ಆಮೇಲೆ ಆ ಭಾಷೆಯ ದೇಶಕ್ಕೇ ಹೋಗಿ ಒಂದು ವರ್ಷ ಓದುವುದು. ನನಗೆ ಕೇಳಿದರೆ ಡಬಲ್ ಡಿಗ್ರಿಯ ಜೀವಾಳ ಇರುವುದೇ ಆ ಒಂದು ವರ್ಷದಲ್ಲಿ. ಭಾಷೆ ಬರದ ಊರಲ್ಲಿ ಮನೆ ಬಾಡಿಗೆಗೆ ಹುಡುಕಿ, ಅವರ ಲ್ಯಾಬಿನಲ್ಲಿ ಕೆಲಸ ಮಾಡಿದ ಹುಡುಗನಿಗೆ ಬರುವ ಧೈರ್ಯ ಪುಸ್ತಕದಿಂದ ಬರುವುದಿಲ್ಲ. ಆದರೆ ಅದೇ ವಿಶ್ವವಿದ್ಯಾಲಯ 2025ರಲ್ಲಿ ನೂರಕ್ಕೂ ಜಾಸ್ತಿ ಕೋರ್ಸ್‌ಗಳಿಗೆ ಹೊಸ ಪ್ರವೇಶ ತಡೆಹಿಡಿಯಿತು. ಇದನ್ನು ಯಾಕೆ ಹೇಳಿದೆ ಅಂದರೆ, ಹಳೇ ಬ್ರೋಷರ್ ನಂಬಬೇಡಿ. ಈ ವರ್ಷ ಸೀಟು ತೆಗೆದುಕೊಳ್ಳುತ್ತಿದ್ದಾರಾ ಅಂತ ವಿಶ್ವವಿದ್ಯಾಲಯದ ಪುಟದಲ್ಲೇ ನೋಡಿ. ನನ್ನ ಹಳೇ ವಿದ್ಯಾರ್ಥಿಯೊಬ್ಬನಿಗೆ ಬೆಂಗಳೂರಿನ ಒಬ್ಬ ಏಜೆಂಟ್ ಇಲ್ಲದ ಕೋರ್ಸ್ ಹೇಳಿ ಮುಂಗಡ ಇಸ್ಕೊಂಡಿದ್ದ. ವಾಪಸ್ ಪಡೆಯಲು ಹುಡುಗನ ಅಪ್ಪ ಆರು ತಿಂಗಳು ಓಡಾಡಿದರು.

ಈಗ ದುಡ್ಡು. ವಿಜ್ಞಾನದ ಫೀಸು ವರ್ಷಕ್ಕೆ 50 ಸಾವಿರ ಆಸ್ಟ್ರೇಲಿಯನ್ ಡಾಲರ್ ಆಸುಪಾಸು ಹಿಡಿಯಿರಿ. ವೀಸಾಗೆ ಒಂದು ವರ್ಷದ ಜೀವನ ಖರ್ಚು ಅಂತ 29,710 ಡಾಲರ್ ತೋರಿಸಬೇಕು ಅನ್ನುವ ನಿಯಮ 2024ರಲ್ಲಿ ಬಂತು. ವೀಸಾ ಅರ್ಜಿಗೇ 2025ರ ಜುಲೈನಿಂದ 2,000 ಡಾಲರ್. ವರ್ಷಕ್ಕೆ ಫೀಸು 50, ಬದುಕುವುದಕ್ಕೆ 30, ಒಟ್ಟು 80 ಸಾವಿರ. ನಾಲ್ಕು ವರ್ಷಕ್ಕೆ 3 ಲಕ್ಷ 20 ಸಾವಿರ ಡಾಲರ್. ಡಾಲರ್‌ಗೆ 55 ರೂಪಾಯಿ ಹಿಡಿದರೂ 1 ಕೋಟಿ 76 ಲಕ್ಷ. ವಾರಕ್ಕೆ ಸರಾಸರಿ 24 ಗಂಟೆ, ಅಂದರೆ ಹದಿನೈದು ದಿನಕ್ಕೆ 48 ಗಂಟೆ ಕೆಲಸ ಮಾಡಲು ಬಿಡುತ್ತಾರೆ. ಅದರಿಂದ ಬಾಡಿಗೆ, ಊಟ ಸ್ವಲ್ಪ ಸರಿತೂಗಬಹುದು. ಫೀಸು ಹುಟ್ಟುವುದಿಲ್ಲ. ಎರಡು ಡಿಗ್ರಿ, ಮೇಲೆ ಕೆಲಸ, ಲ್ಯಾಬ್ ರಿಪೋರ್ಟ್. ನಿದ್ದೆ ಯಾವಾಗ ಮಾಡುತ್ತೀರಿ ಮಾರಾಯ್ರೇ?

ಲೋನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಸಾಮಾನ್ಯ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಅಡಮಾನ ಕೇಳುವುದಿಲ್ಲ. ಏಳೂವರೆ ಲಕ್ಷದವರೆಗೆ ಶ್ಯೂರಿಟಿ ಹಾಕಿದರೆ ಆಯಿತು. ಅದರ ಮೇಲೆ ಆಸ್ತಿ ಇಡಬೇಕು. ನಮ್ಮ ಕಡೆ ಆಸ್ತಿ ಅಂದರೆ ತೋಟ ಅಥವಾ ಸೈಟು. ಒಂದು ಕೋಟಿ ಸಾಲ, 10 ಪರ್ಸೆಂಟ್ ಸರಳ ಬಡ್ಡಿ ಅಂತ ಇಟ್ಟುಕೊಂಡರೂ ವರ್ಷಕ್ಕೆ 10 ಲಕ್ಷ. ಪೂರ್ತಿ ಸಾಲ ಮೊದಲ ವರ್ಷವೇ ತೆಗೆದಿದ್ದರೆ ಮಗು ಓದಿ ಮುಗಿಸುವ ಹೊತ್ತಿಗೆ ಬಡ್ಡಿಯೇ 40 ಲಕ್ಷ; ವರ್ಷ ವರ್ಷ ತೆಗೆದರೆ ಅದಕ್ಕಿಂತ ಕಡಿಮೆ.

ಈಚೆಗೆ ಕಾಫಿಗೆ ರೇಟು ಬಂತು, ನಿಜ. ರೇಟು ಬಂದ ವರ್ಷದ ಲೆಕ್ಕ ಹಿಡಿದು ತೋಟ ಅಡ ಇಡಬೇಡಿ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು, ಜಗತ್ತಿನಲ್ಲಿ ಬೆಲೆ ಕುಸಿಯಿತು. 2000ದ ನಂತರದ ಎರಡು ಮೂರು ವರ್ಷ ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣು ಗಿಡದಲ್ಲೇ ಬಿಟ್ಟವರಿದ್ದರು. ಇದೂ ಅಂತರರಾಷ್ಟ್ರೀಯ ಅಧ್ಯಯನವೇ, ಅಲ್ವಾ?

ಹಾಗಾದರೆ ಈ ದಾರಿ ಯಾರಿಗೆ? ಮನೆಯಲ್ಲಿ ಸಾಲವಿಲ್ಲದೆ ಅರ್ಧಕ್ಕಿಂತ ಜಾಸ್ತಿ ದುಡ್ಡು ಹೊಂದಿಸಬಲ್ಲವರಿಗೆ, ಅಥವಾ ದೊಡ್ಡ ಸ್ಕಾಲರ್‌ಶಿಪ್ ಸಿಕ್ಕವರಿಗೆ. ಓದಿದ ಮೇಲೆ ಅಲ್ಲೇ ಎರಡು ವರ್ಷ ಕೆಲಸ ಹುಡುಕಲು ವೀಸಾ ಸಿಗುತ್ತದೆ. ನಡುವೆ ಒಂದನ್ನು ಬಿಟ್ಟು ಇನ್ನೊಂದೇ ಡಿಗ್ರಿ ಮುಗಿಸುವುದಕ್ಕೂ ಸಾಮಾನ್ಯವಾಗಿ ಅವಕಾಶ ಇರುತ್ತದೆ. ಮೇಲಿನ ಐದರಲ್ಲಿ ನಾಲ್ಕನೇ ಪ್ರಶ್ನೆಗೆ ಆಸ್ಟ್ರೇಲಿಯಾಕ್ಕೇ ಜಾಸ್ತಿ ಅಂಕ.

ಅಮೆರಿಕ, ಜರ್ಮನಿ: ಬೇಗ ಹೇಳಿ ಮುಗಿಸುತ್ತೇನೆ

ವಾಷಿಂಗ್ಟನ್‌ನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ವಿದೇಶಾಂಗ ಸೇವೆ ಶಾಲೆಯಲ್ಲಿ ವಿಜ್ಞಾನ, ತಂತ್ರಜ್ಞಾನ ಮತ್ತು ಅಂತರರಾಷ್ಟ್ರೀಯ ವ್ಯವಹಾರ ಅಂತ ಒಂದೇ ವಿಷಯ ಇದೆ. ಇದು ಎರಡು ಡಿಗ್ರಿ ಅಲ್ಲ, ಎರಡನ್ನೂ ಕಲಸಿದ ಒಂದು ಡಿಗ್ರಿ. ಹೊರಗೆ ಬಂದಾಗ ನೀವು ವಿಜ್ಞಾನ ಗೊತ್ತಿರುವ ನೀತಿ ತಜ್ಞರು, ವಿಜ್ಞಾನಿ ಅಲ್ಲ. ಪೈಪೆಟ್ ಹಿಡಿಯುವ ಆಸೆ ಇಲ್ಲದವರಿಗೆ ಚೆನ್ನ. ಖರ್ಚು ಆಸ್ಟ್ರೇಲಿಯಾವನ್ನೂ ಮೀರುತ್ತದೆ.

ಜರ್ಮನಿಯಲ್ಲಿ ಬಹಳಷ್ಟು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಹಾಕುತ್ತಾರೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಶುರು ಮಾಡಿದೆ. ವೀಸಾಗೆ ವರ್ಷದ ಖರ್ಚು 11,904 ಯೂರೋ ಬ್ಯಾಂಕಿನಲ್ಲಿ ಕಟ್ಟಿಡಬೇಕು. ಯೂರೋಗೆ 100 ರೂಪಾಯಿ ಹಿಡಿದರೆ 12 ಲಕ್ಷ. ಆದರೆ ಎರಡು ಅಡ್ಡಿ ಇವೆ. ನಮ್ಮ ಪಿಯುಸಿ ಅಲ್ಲಿಗೆ ನೇರವಾಗಿ ಸಾಲದು. ಇಲ್ಲಿ ಒಂದು ವರ್ಷ ಡಿಗ್ರಿ ಓದಿರಬೇಕು, ಇಲ್ಲವೇ ಜೆಇಇ ಅಡ್ವಾನ್ಸ್ಡ್ ಪಾಸಾಗಿರಬೇಕು, ಇಲ್ಲವೇ ಅಲ್ಲಿ ಪೂರ್ವಸಿದ್ಧತೆ ಕೋರ್ಸ್ ಮಾಡಬೇಕು. ಎರಡನೆಯದಾಗಿ, ಬ್ಯಾಚುಲರ್ ಮಟ್ಟದ ವಿಜ್ಞಾನ ಬಹುಪಾಲು ಜರ್ಮನ್ ಭಾಷೆಯಲ್ಲೇ. ಹಾಗಾಗಿ ಪಿಯುಸಿ ಮುಗಿಸಿದ ಕೂಡಲೇ ಓಡುವುದಕ್ಕಿಂತ ಇಲ್ಲಿ ಬಿಎಸ್ಸಿ ಮುಗಿಸಿ ಮಾಸ್ಟರ್ಸ್‌ಗೆ ಹೋಗುವುದು ಜಾಣತನ. ಭಾಷೆಗೂ ಅಷ್ಟರಲ್ಲಿ ಮೂರು ವರ್ಷ ಸಿಗುತ್ತದೆ.

ನಮ್ಮ ದೇಶದಲ್ಲೇ, ಒಂದೇ ಸೂರಿನ ಕೆಳಗೆ

ಹರಿಯಾಣದ ಸೋನಿಪತ್‌ನ ಅಶೋಕ ವಿಶ್ವವಿದ್ಯಾಲಯದಲ್ಲಿ ಬಯಾಲಜಿಯೋ ಫಿಸಿಕ್ಸೋ ಮುಖ್ಯ ವಿಷಯ, ಅಂತರರಾಷ್ಟ್ರೀಯ ಸಂಬಂಧಗಳು ಉಪವಿಷಯ ಅಂತ ತೆಗೆದುಕೊಳ್ಳಬಹುದು. ಫೀಸು, ಹಾಸ್ಟೆಲ್ ಸೇರಿ ವರ್ಷಕ್ಕೆ 10 ಲಕ್ಷ ದಾಟುತ್ತದೆ. ಮನೆಯ ಆದಾಯ ನೋಡಿ ರಿಯಾಯಿತಿ ಕೊಡುವುದುಂಟು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿ ಓದುತ್ತಾ ಸಮಾಜ, ನೀತಿಯ ವಿಷಯಗಳನ್ನೂ ಓದಬಹುದು. ಅಲ್ಲೂ ಆದಾಯದ ಮೇಲೆ ವಿದ್ಯಾರ್ಥಿವೇತನ ಇದೆ, ಕೆಲವರಿಗೆ ಪೂರ್ತಿ ಮನ್ನಾ. ಆದರೆ ಇದು ಅಂತರರಾಷ್ಟ್ರೀಯ ಅಧ್ಯಯನದ ಜಾಗ ಅಲ್ಲ, ಹತ್ತಿರದ್ದು ಅಷ್ಟೇ.

ಈ ದಾರಿಯಲ್ಲಿ ಸಿಗುವುದು ಒಂದೇ ಡಿಗ್ರಿ. ಅದರಿಂದ ನಷ್ಟ ಏನೂ ಇಲ್ಲ ಅಂತ ನನ್ನ ಅಭಿಪ್ರಾಯ. ಬರೆಯುವುದನ್ನು, ವಾದ ಮಾಡುವುದನ್ನು ಚೆನ್ನಾಗಿ ಕಲಿಸುತ್ತಾರೆ. ನಮ್ಮ ಊರಿನ ಬಿಎಸ್ಸಿಯಲ್ಲಿ ಅದೇ ಕೊರತೆ.

ಬಿಎಸ್ಸಿ ಇಲ್ಲೇ, ಜೊತೆಗೆ ದೂರಶಿಕ್ಷಣದ ಬಿಎ

ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. 2022ರ ಏಪ್ರಿಲ್‌ನಲ್ಲಿ ಯುಜಿಸಿ ಒಟ್ಟೊಟ್ಟಿಗೆ ಎರಡು ಡಿಗ್ರಿ ಓದಲು ಒಪ್ಪಿಗೆ ಕೊಟ್ಟಿತು. ಎರಡನ್ನೂ ಕಾಲೇಜಿಗೆ ಹೋಗಿ ಓದುವುದಾದರೆ ತರಗತಿಯ ಸಮಯ ಒಂದರ ಮೇಲೊಂದು ಬೀಳಬಾರದು. ಮಧ್ಯಾಹ್ನವೆಲ್ಲ ಪ್ರಾಕ್ಟಿಕಲ್ ಇರುವ ಬಿಎಸ್ಸಿಯವರಿಗೆ ಅದು ಕೈಗೂಡದ ಮಾತು. ಆದರೆ ಒಂದನ್ನು ಕಾಲೇಜಿನಲ್ಲಿ, ಇನ್ನೊಂದನ್ನು ದೂರಶಿಕ್ಷಣದಲ್ಲಿ ಮಾಡಬಹುದು. ಹಾಸನದ ಸರ್ಕಾರಿ ವಿಜ್ಞಾನ ಕಾಲೇಜು ಅಥವಾ ಚಿಕ್ಕಮಗಳೂರಿನ ಐಡಿಎಸ್‌ಜಿ ಕಾಲೇಜಿನಲ್ಲಿ ಬಿಎಸ್ಸಿ. ಜೊತೆಗೆ ಇಗ್ನೋ ಅಥವಾ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಇರುವ ಬಿಎ. ಇಗ್ನೋದ ರಾಜ್ಯಶಾಸ್ತ್ರ ಆನರ್ಸ್‌ನಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಪತ್ರಿಕೆಗಳಿವೆ. ಎರಡೂ ಸೇರಿ ವರ್ಷದ ಖರ್ಚು ಸಾವಿರಗಳ ಲೆಕ್ಕದಲ್ಲೇ ಮುಗಿಯುತ್ತದೆ. ಆಸ್ಟ್ರೇಲಿಯಾದ ವೀಸಾ ಅರ್ಜಿಗೆ ಕೊಡುವ ದುಡ್ಡು ಇಲ್ಲಿ ಮೂರು ವರ್ಷದ ಫೀಸಿಗಿಂತ ಜಾಸ್ತಿ!

ತೊಂದರೆಗಳೂ ಇವೆ. ಪರೀಕ್ಷೆ ದಿನಾಂಕ ತಾಕಲಾಡುತ್ತದೆ. ಇಗ್ನೋ ಪರೀಕ್ಷೆ ಜೂನ್ ಮತ್ತು ಡಿಸೆಂಬರ್ ಹೊತ್ತಿಗೆ ಬರುತ್ತದೆ, ನಮ್ಮ ಡಿಗ್ರಿ ಸೆಮಿಸ್ಟರ್ ಪರೀಕ್ಷೆಯೂ ಕೆಲವೊಮ್ಮೆ ಅದೇ ಆಸುಪಾಸಿಗೆ ಬೀಳುತ್ತದೆ. ಒಂದೆರಡು ಪತ್ರಿಕೆ ಮುಂದಕ್ಕೆ ಹಾಕಬೇಕಾಗಬಹುದು. ಮೇಷ್ಟ್ರಿಲ್ಲ, ಜೊತೆಗಾರರಿಲ್ಲ, ಚರ್ಚೆ ಇಲ್ಲ. ಸುಮ್ನೆ ಪುಸ್ತಕ ತರಿಸಿ ಕಪಾಟಿನಲ್ಲಿ ಇಟ್ಟವರೇ ಜಾಸ್ತಿ. ಭಾಷೆ ಇಲ್ಲ, ಹೊರದೇಶದ ವರ್ಷ ಇಲ್ಲ. ಸೇರುವ ಮುಂಚೆ ಆ ಕೋರ್ಸ್ ಯುಜಿಸಿಯ ದೂರಶಿಕ್ಷಣ ಬ್ಯೂರೋ ಪಟ್ಟಿಯಲ್ಲಿ ಆ ವರ್ಷಕ್ಕೆ ಇದೆಯಾ ನೋಡಿ. ಮೈಸೂರಿನ ಮುಕ್ತ ವಿವಿಯ ಮಾನ್ಯತೆ ಕೆಲವು ವರ್ಷ ಹೋಗಿ 2018ರಲ್ಲಿ ವಾಪಸ್ ಬಂದದ್ದು ಹಲವರಿಗೆ ನೆನಪಿರಬಹುದು.

ಆದರೂ ಯುಪಿಎಸ್ಸಿ ಆಸೆ ಇರುವವರಿಗೆ ಇದನ್ನೇ ಹೇಳುತ್ತೇನೆ. ಮುಖ್ಯ ಪರೀಕ್ಷೆಯ ಸಾಮಾನ್ಯ ಅಧ್ಯಯನ ಎರಡನೇ ಪತ್ರಿಕೆಯಲ್ಲಿ ಅಂತರರಾಷ್ಟ್ರೀಯ ಸಂಬಂಧಗಳಿವೆ, ಮೂರನೆಯದರಲ್ಲಿ ವಿಜ್ಞಾನ, ತಂತ್ರಜ್ಞಾನ, ಪರಿಸರ. ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳನ್ನು ಐಚ್ಛಿಕವಾಗಿ ತೆಗೆದುಕೊಂಡರೆ ಎರಡು ಪತ್ರಿಕೆಗೆ 500 ಅಂಕ. ಬಿಎ ಓದಿದ್ದು ಅಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ವಿದೇಶಾಂಗ ಸೇವೆಗೆ ಹೋದರೆ ವಿಜ್ಞಾನವೂ ವ್ಯರ್ಥವಲ್ಲ. ಹೊಸ ತಂತ್ರಜ್ಞಾನಗಳ ವಿಚಾರ ನೋಡಿಕೊಳ್ಳಲೆಂದೇ ವಿದೇಶಾಂಗ ಸಚಿವಾಲಯ 2020ರಲ್ಲಿ ಒಂದು ವಿಭಾಗ ತೆರೆದಿದೆ.

ಮೊದಲು ವಿಜ್ಞಾನ, ಆಮೇಲೆ ಎಂಎ

ನನ್ನ ಮನಸ್ಸು ವಾಲುವುದು ಈ ಕಡೆ. ಮೂರು ವರ್ಷ ಬಿಎಸ್ಸಿ, ಅಥವಾ ನಾಲ್ಕು ವರ್ಷದ ಅಗ್ರಿಕಲ್ಚರ್ ಬಿಎಸ್ಸಿ, ಗಟ್ಟಿಯಾಗಿ ಮುಗಿಸಿ. ಆಮೇಲೆ ಎರಡು ವರ್ಷ ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಎಂಎ. ಒಟ್ಟು ಐದು ವರ್ಷ, ಸಿಡ್ನಿ ಮಾದರಿಯಷ್ಟೇ; ಅಗ್ರಿಕಲ್ಚರ್ ಆದರೆ ಆರು. ಆದರೆ ಕೈಯಲ್ಲಿರುವ ಎರಡನೇ ಡಿಗ್ರಿ ಬ್ಯಾಚುಲರ್ ಅಲ್ಲ, ಮಾಸ್ಟರ್ಸ್.

ದೆಹಲಿಯ ಜೆಎನ್‌ಯುನಲ್ಲಿ ಅಂತರರಾಷ್ಟ್ರೀಯ ಅಧ್ಯಯನಕ್ಕೇ ಒಂದು ಶಾಲೆ ಇದೆ. ಅದರ ಬೇರು 1955ರಷ್ಟು ಹಳೆಯದು. ಪ್ರವೇಶ ಸಿಯುಇಟಿ ಪಿಜಿ ಅನ್ನುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಮೂಲಕ. ಬಿಎಸ್ಸಿಯವರೂ ಬರೆಯಬಹುದು. ಫೀಸು ನಮ್ಮ ಸರ್ಕಾರಿ ಕಾಲೇಜಿಗಿಂತ ಜಾಸ್ತಿ ಅನಿಸುವುದಿಲ್ಲ. ದೆಹಲಿಯಲ್ಲೇ ಸೌತ್ ಏಷ್ಯನ್ ಯೂನಿವರ್ಸಿಟಿ ಇದೆ, ಅಲ್ಲಿ ನೇಪಾಳ, ಬಾಂಗ್ಲಾ, ಶ್ರೀಲಂಕಾದ ಮಕ್ಕಳ ಜೊತೆ ಕೂತು ಓದಬಹುದು. ಮಣಿಪಾಲದಲ್ಲಿ ಭೂರಾಜಕೀಯ ಮತ್ತು ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗ ಇದೆ. ಘಾಟಿ ಇಳಿದರೆ ಆಯಿತು, ಮಗಳು ತಿಂಗಳಿಗೊಮ್ಮೆ ಮನೆಗೆ ಬರಬಹುದು. ಖಾಸಗಿ, ಹಾಗಾಗಿ ಫೀಸು ದುಬಾರಿ. ಲಂಡನ್‌ನ ಕಿಂಗ್ಸ್ ಕಾಲೇಜಿನಲ್ಲಿ ವಿಜ್ಞಾನ ಮತ್ತು ಅಂತರರಾಷ್ಟ್ರೀಯ ಭದ್ರತೆ ಅಂತಲೇ ಎಂಎ ಇದೆ. ಬ್ರಿಟನ್‌ನಲ್ಲಿ ಎಂಎ ಒಂದೇ ವರ್ಷ. ನಾಲ್ಕು ವರ್ಷದ ಸಾಲಕ್ಕೂ ಒಂದು ವರ್ಷದ ಸಾಲಕ್ಕೂ ಅಜಗಜಾಂತರ.

ಒಂದು ವಿಷಯ ನೆನಪಿಡಿ. ಕರ್ನಾಟಕದಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ ಬಂದಿದೆ. ಬ್ರಿಟನ್, ಆಸ್ಟ್ರೇಲಿಯಾಕ್ಕೆ ಇದು ಸಾಮಾನ್ಯವಾಗಿ ಸಾಕು. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ನಾಲ್ಕು ವರ್ಷ ಕೇಳುತ್ತವೆ. ಅಮೆರಿಕವೇ ಬೇಕು ಅನ್ನುವವರು ಬೆಂಗಳೂರಿನ ಐಐಎಸ್‌ಸಿಯ ನಾಲ್ಕು ವರ್ಷದ ಬಿಎಸ್ ಕಡೆ ಒಂದು ಕಣ್ಣಿಡಿ. ಅಲ್ಲಿ ಸೀಟು ಸಿಕ್ಕರೆ ಈ ಲೇಖನ ಮಡಿಸಿಟ್ಟು ಹೊರಡಿ!

ಈ ದಾರಿಯ ನಿಜವಾದ ಕಷ್ಟ ಬೇರೆ. ನಮ್ಮ ಬಿಎಸ್ಸಿ ಮಕ್ಕಳು ಮೂರು ವರ್ಷ ಒಂದು ಪುಟ ಸ್ವಂತ ಮಾತು ಬರೆದಿರುವುದಿಲ್ಲ. ಡಿರೈವೇಷನ್ ಬರೆಯುತ್ತಾರೆ, ಚಿತ್ರ ಬಿಡಿಸುತ್ತಾರೆ. ಎಂಎಗೆ ಹೋದಾಗ ವಾರಕ್ಕೆ ಇನ್ನೂರು ಪುಟ ಓದಿ ಪ್ರಬಂಧ ಬರಿ ಅಂದರೆ ಕಣ್ಣು ಕಣ್ಣು ಬಿಡುತ್ತಾರೆ. ನಮ್ಮ ಕಾಲೇಜಿನಿಂದ ದೆಹಲಿಗೆ ಹೋದ ಹುಡುಗ ಮೊದಲ ಸೆಮಿಸ್ಟರ್‌ನಲ್ಲಿ ಫೋನ್ ಮಾಡಿ ಅತ್ತುಬಿಟ್ಟಿದ್ದ. ಎರಡನೇ ವರ್ಷಕ್ಕೆ ಸರಿಹೋದ. ಬಿಎಸ್ಸಿ ಓದುವಾಗಲೇ ತಿಂಗಳಿಗೆ ಒಂದು ವಿಷಯ ಹಿಡಿದು ನಾಲ್ಕು ಪುಟ ಬರೆಯುವ ಅಭ್ಯಾಸ ಇಟ್ಟುಕೊಳ್ಳಿ. ಕಾಫಿ ಬೋರ್ಡ್, ಓಜೋನ್ ಬಗ್ಗೆ 1987ರ ಮಾಂಟ್ರಿಯಲ್ ಒಪ್ಪಂದ, 1967ರ ಬಾಹ್ಯಾಕಾಶ ಒಪ್ಪಂದ, ಏನಾದರೂ ಸರಿ.

ಭಾಷೆಯನ್ನಂತೂ ಈಗಲೇ ಶುರು ಮಾಡಿ. ಬೆಂಗಳೂರಿನ ಮ್ಯಾಕ್ಸ್ ಮ್ಯುಲ್ಲರ್ ಭವನದವರು ಜರ್ಮನ್, ಅಲಿಯಾನ್ಸ್ ಫ್ರಾನ್ಸೇಸ್‌ನವರು ಫ್ರೆಂಚ್ ಕಲಿಸುತ್ತಾರೆ. ಆನ್‌ಲೈನ್ ತರಗತಿಯೂ ಇದೆ, ತೋಟದಲ್ಲಿ ನೆಟ್‌ವರ್ಕ್ ಇದ್ದರೆ ಸಾಕು. ಡಬಲ್ ಡಿಗ್ರಿಯಲ್ಲಿ ಒಂದೂಮುಕ್ಕಾಲು ಕೋಟಿ ಕೊಟ್ಟು ಕೊಳ್ಳುವುದರಲ್ಲಿ ಕಾಲುಭಾಗ ಇಲ್ಲೇ ಸಿಕ್ಕಂತೆ.

ಯಾರಿಗೆ ಯಾವುದು?

ಐವತ್ತು ಎಕರೆ ತೋಟ, ಸಾಲವಿಲ್ಲ, ಮಗು ಧೈರ್ಯವಂತ, ಹೊರಗೇ ನೆಲೆಸುವ ಯೋಚನೆ. ಆಸ್ಟ್ರೇಲಿಯಾ ನೋಡಿ, ತಪ್ಪಿಲ್ಲ. ಅಪ್ಪ ಅಮ್ಮ ಇಬ್ಬರೂ ಸಂಬಳದವರು, ತಿಂಗಳಿಗೆ ಸ್ವಲ್ಪ ಉಳಿಯುತ್ತದೆ ಅನ್ನುವ ಮನೆಯವರು ಅಶೋಕ, ಅಜೀಂ ಪ್ರೇಮ್‌ಜಿಗೆ ಅರ್ಜಿ ಹಾಕಿ ಸ್ಕಾಲರ್‌ಶಿಪ್ ಎಷ್ಟು ಬರುತ್ತದೆ ನೋಡಿ ತೀರ್ಮಾನಿಸಿ. ಸಿಗದಿದ್ದರೆ ಬಿಎಸ್ಸಿ, ಆಮೇಲೆ ಎಂಎ. ಯುಪಿಎಸ್ಸಿ ತಲೆಯಲ್ಲಿರುವವರಿಗೆ ಬಿಎಸ್ಸಿ ಜೊತೆ ಇಗ್ನೋ. ಲ್ಯಾಬ್ ಬಿಟ್ಟು ಹೊರಗೆ ಬರಲು ಮನಸ್ಸೇ ಇಲ್ಲದವರು ಡಬಲ್ ಡಿಗ್ರಿ ಆಸೆ ಬಿಟ್ಟು ಎಂಎಸ್ಸಿ, ಪಿಎಚ್‌ಡಿ ಮಾಡಿ. ವಿಜ್ಞಾನಿಯಾಗಿ ಹೆಸರು ಮಾಡಿದ ಮೇಲೆ ಅಂತರರಾಷ್ಟ್ರೀಯ ವೇದಿಕೆ ತಾನಾಗಿ ಸಿಗುವುದುಂಟು. 1955ರಲ್ಲಿ ಜಿನೀವಾದಲ್ಲಿ ಅಣುಶಕ್ತಿಯ ಶಾಂತಿಯುತ ಬಳಕೆಯ ಮೊದಲ ವಿಶ್ವಸಂಸ್ಥೆ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದು ಫಿಸಿಕ್ಸ್ ಓದಿದ ಹೋಮಿ ಭಾಭಾ.

ಯಾವುದು ಬೇಕೆಂದೇ ಗೊತ್ತಿಲ್ಲದ ಮಕ್ಕಳೂ ಇರುತ್ತಾರೆ. ಅವರಿಗೆ ಅಗ್ಗದ ದಾರಿಯೇ ಒಳ್ಳೆಯದು. ಮನಸ್ಸು ಬದಲಾದರೆ ಮನೆಗೆ ಹೊರೆಯಾಗುವುದಿಲ್ಲ.

ಅಣ್ಣನ ಮಗಳಿಗೆ ಮೂರು ವಿಶ್ವವಿದ್ಯಾಲಯಗಳಿಗೆ ಇಮೇಲ್ ಬರೆಯಲು ಹೇಳಿದೆ. ನಾಲ್ಕೇ ಪ್ರಶ್ನೆ. ಮುಂದಿನ ವರ್ಷ ಈ ಜೋಡಿ ಡಿಗ್ರಿಗೆ ಪ್ರವೇಶ ಇದೆಯಾ? ವಿಜ್ಞಾನದ ಮೇಜರ್‌ನಲ್ಲಿ ಲ್ಯಾಬ್ ಪತ್ರಿಕೆ ಎಷ್ಟು? ನಡುವೆ ಒಂದು ಡಿಗ್ರಿ ಬಿಟ್ಟರೆ ವೀಸಾ, ಫೀಸು ಏನಾಗುತ್ತದೆ? ಸ್ಕಾಲರ್‌ಶಿಪ್ ಮೊದಲ ವರ್ಷಕ್ಕೋ, ಪೂರ್ತಿ ಕೋರ್ಸಿಗೋ? ಇಬ್ಬರು ಬಣ್ಣದ ಬ್ರೋಷರ್ ಕಳಿಸಿ ಸುಮ್ಮನಾದರು. ಒಬ್ಬರು ಮಾತ್ರ ಒಂದೊಂದಕ್ಕೂ ಉತ್ತರ ಬರೆದರು. ಅವಳ ಪಟ್ಟಿಯಲ್ಲಿ ಈಗ ಉಳಿದಿರುವುದು ಆ ಒಂದು, ಮತ್ತೆ ಹಾಸನದ ಬಿಎಸ್ಸಿ. ಶನಿವಾರ ಸಂಜೆ ಕಣದ ಕಟ್ಟೆ ಮೇಲೆ ಕೂತು ಜರ್ಮನ್ ಕಲಿಯುತ್ತಾಳೆ. ನೆಟ್‌ವರ್ಕ್ ಸಿಗುವುದು ಅಲ್ಲಿ ಮಾತ್ರ.